ರಾಜ್ಯಶಾಸ್ತ್ರದ ವ್ಯಾಸಂಗ: ವಿಶ್ವವಿದ್ಯಾನಿಲಯಗಳಲ್ಲಿ ಅದರ ಪಾಠ, ಸಂಶೋಧನೆ ಮತ್ತು ಪರಿಭಾಷೆ

೧

ಅರಸುಮಕ್ಕಳು ಕಲಿಯತಕ್ಕ ವಿದ್ಯೆಗಳು ಎಷ್ಟು ಎಂಬ ವಿಷಯದಲ್ಲಿ ಪೂರ್ವಾಚಾರ್ಯರಿಗೆ ಒಮ್ಮತವಿರಲಿಲ್ಲವೆಂಬುದು ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಿಂದಲೇ ತಿಳಿದುಬರುತ್ತದೆ. ತ್ರಯಿ, ವಾರ್ತೆ, ದಂಡನೀತಿ ಎಂಬ ಮೂರೇ ವಿದ್ಯೆಗಳೆಂದು ಮನುವಿನ ಪರಂಪರೆಯವರು ಹೇಳುತ್ತಿದ್ದರು. ತರ್ಕಪ್ರಧಾನವಾದ ಆನ್ವೀಕ್ಷಕಿಯು ಅವರಿಗೆ ತ್ರಯಿಯ ಒಂದು ಭಾಗ ಮಾತ್ರ. ಬೃಹಸ್ಪತಿಯ ಪರಂಪರೆಯವರು ವೇದವಿದ್ಯೆಯನ್ನೂ ಬಿಟ್ಟು, ವಾರ್ತೆ ಮತ್ತು ದಂಡನೀತಿ ಎಂಬ ಎರಡನ್ನೇ ಒಪ್ಪಿದರು. ಶುಕ್ರನ ಪರಂಪರೆಯವರಾದರೋ ದಂಡನೀತಿಯೊಂದೇ ವಿದ್ಯೆ, ಮಿಕ್ಕ ಎಲ್ಲ ವಿದ್ಯೆಗಳೂ ಅದರ ಆಶ್ರಯದಲ್ಲಿಯೇ ಬದುಕುತ್ತವೆ ಎಂದು ಸಾಧಿಸಿದರು. ಕೌಟಿಲ್ಯನು ಈ ಮೂರು ಮತಗಳನ್ನೂ ನಿರಾಕರಿಸಿ, ವಿದ್ಯೆಗಳು ನಾಲ್ಕೇ ಎಂದು ತೀರ್ಮಾನಿಸಿ, ಆನ್ವೀಕ್ಷಕಿಗೆ ಉಳಿದ ಮೂರಕ್ಕೂ ಬೆಳಕು ಕೊಡುವ ಸ್ಥಾನವನ್ನು ಕಲ್ಪಿಸಿದನು.

ದಂಡನೀತಿಯೆಂದರೆ ಇಂದು ರಾಜ್ಯಶಾಸ್ತ್ರವೆಂದು ಕರೆಯಲಾಗುವ ವಿದ್ಯೆಯ ಪೂರ್ವಜ. ಅದರ ಮೇಲೆಯೇ ಗ್ರಂಥ ಬರೆಯಹೊರಟವನು ಅದೊಂದೇ ಸಾಕೆಂದು ಹೇಳಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಈ ವಿದ್ಯೆಯನ್ನು ಯಾರಿಂದ ಕಲಿಯಬೇಕೆಂಬುದನ್ನೂ ಅವನು ಹೇಳಿದ್ದಾನೆ: ಅದನ್ನು ವಿವರಿಸಿ ಹೇಳಬಲ್ಲವರಿಂದಲೂ ನಡೆಸಿ ಬಲ್ಲವರಿಂದಲೂ ಕಲಿಯಬೇಕು. ಈ ಶಾಸ್ತ್ರವು ತನ್ನ ನೆರೆಯ ವಿದ್ಯೆಗಳೊಡನೆ ಯಾವ ಸಂಬಂಧವಿಟ್ಟುಕೊಳ್ಳಬೇಕು, ಗ್ರಂಥಜ್ಞಾನಕ್ಕೂ ಲೋಕಜ್ಞಾನಕ್ಕೂ ಅದರಲ್ಲಿ ಹೊಂದಿಕೆ ಹೇಗೆ ಎಂಬ ಈ ಎರಡು ಪ್ರಶ್ನೆಗಳೇ ವಿಶ್ವವಿದ್ಯಾನಿಲಯಗಳಲ್ಲಿ ರಾಜ್ಯಶಾಸ್ತ್ರದ ಚರಿತ್ರೆಯುದ್ದಕ್ಕೂ ಮರಳಿ ಮರಳಿ ಎದ್ದಿವೆ. ಕನ್ನಡದ ಮಟ್ಟಿಗೆ ಇವೆರಡಕ್ಕೂ ನಡುವೆ ಮೂರನೆಯದೊಂದು ಸೇರಿಕೊಳ್ಳುತ್ತದೆ. ಅದು ಭಾಷೆಯ ಪ್ರಶ್ನೆ.

೨

ಯೂರೋಪಿನಲ್ಲಿ ಈ ಶಾಸ್ತ್ರದ ಅತ್ಯಂತ ಹಳೆಯ ಪ್ರಾಧ್ಯಾಪಕಪೀಠವೆಂದು ಹೆಸರಾದದ್ದು ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿದೆ. ೧೬೨೨ರಲ್ಲಿ ಯೋಹಾನ್ ಶುಟ್ಟೆ ಎಂಬ ರಾಜ್ಯಾಧಿಕಾರಿಯು ಸ್ಥಾಪಿಸಿದ ಆ ಪೀಠವು ಕೇವಲ ರಾಜನೀತಿಗೆ ಮೀಸಲಾಗಿರಲಿಲ್ಲ. ವಾಗ್ಮಿತೆ ಮತ್ತು ರಾಜನೀತಿ ಎರಡಕ್ಕೂ ಒಂದೇ ಪೀಠ. ಮಾತನ್ನು ಅಳೆದು ಆಡಬಲ್ಲವನೇ ಆಡಳಿತವನ್ನು ತಿಳಿಯಬಲ್ಲನೆಂಬ ಭಾವನೆ ಅದರ ಹಿಂದೆ ಇತ್ತು. ಸಾಹಿತ್ಯವನ್ನು ಬೋಧಿಸುವವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಯುಕ್ತ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ವಿದ್ಯೆಯು ಚರಿತ್ರೆ, ದರ್ಶನ, ನ್ಯಾಯಶಾಸ್ತ್ರಗಳಿಂದ ಬೇರ್ಪಟ್ಟು ಸ್ವತಂತ್ರವಾಗಿ ನಿಲ್ಲಲು ತೊಡಗಿತು. ಪ್ಯಾರಿಸಿನಲ್ಲಿ ೧೮೭೨ರಲ್ಲಿ ರಾಜ್ಯವಿದ್ಯೆಗಳ ಸ್ವತಂತ್ರ ಶಾಲೆ ಆರಂಭವಾಯಿತು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಜಾನ್ ಬರ್ಜೆಸ್ ೧೮೮೦ರಲ್ಲಿ ರಾಜ್ಯಶಾಸ್ತ್ರಶಾಲೆಯನ್ನು ಸ್ಥಾಪಿಸಿದನು. ಲಂಡನ್ನಿನ ಅರ್ಥಶಾಸ್ತ್ರ-ರಾಜ್ಯಶಾಸ್ತ್ರಶಾಲೆ ೧೮೯೫ರಲ್ಲಿ ಹುಟ್ಟಿತು. ಅಮೆರಿಕದ ರಾಜ್ಯಶಾಸ್ತ್ರಜ್ಞರು ೧೯೦೩ರಲ್ಲಿ ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು.

ಬೇರ್ಪಟ್ಟ ಮಾತ್ರಕ್ಕೆ ನೆರೆಯ ವಿದ್ಯೆಗಳ ಹಂಗು ಹರಿಯಲಿಲ್ಲ. ಇದಕ್ಕೆ ಭಾರತೀಯರಿಗೆ ಹತ್ತಿರವಾದ ನಿದರ್ಶನವೊಂದುಂಟು. ಡಾಕ್ಟರ್ ಅಂಬೇಡ್ಕರರು ೧೯೧೩ರಲ್ಲಿ ಕೊಲಂಬಿಯಾವನ್ನು ಸೇರಿದಾಗ ಅವರ ವ್ಯಾಸಂಗ ನಡೆದದ್ದು ಅದೇ ರಾಜ್ಯಶಾಸ್ತ್ರವಿಭಾಗದ ಆಶ್ರಯದಲ್ಲಿ. ಆದರೆ ಅವರು ಓದಿದ್ದು ಅರ್ಥಶಾಸ್ತ್ರ, ಚರಿತ್ರೆ, ಸಮಾಜಶಾಸ್ತ್ರ, ದರ್ಶನ, ಮಾನವಶಾಸ್ತ್ರಗಳನ್ನು. ಜಾತಿಯ ಉತ್ಪತ್ತಿಯನ್ನು ಕುರಿತ ಅವರ ಪ್ರಸಿದ್ಧ ಪ್ರಬಂಧವು ೧೯೧೬ರಲ್ಲಿ ಮಾನವಶಾಸ್ತ್ರದ ಗೋಷ್ಠಿಯೊಂದರಲ್ಲಿ ಓದಲ್ಪಟ್ಟಿತು. ಮುಂದೆ ಸಂವಿಧಾನದ ಕರಡುಸಮಿತಿಯ ಅಧ್ಯಕ್ಷರಾದವರ ರಾಜ್ಯಶಾಸ್ತ್ರಜ್ಞಾನವು ಒಂದೇ ವಿದ್ಯೆಯ ಬೇಲಿಯೊಳಗೆ ಬೆಳೆದದ್ದಲ್ಲ.

೩

ಭಾರತದಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ೧೮೫೭ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿಯೂ ಸ್ಥಾಪಿತವಾದವು. ಆರಂಭದ ಬಹುಕಾಲ ರಾಜ್ಯಶಾಸ್ತ್ರವು ಸಾಮಾನ್ಯವಾಗಿ ಚರಿತ್ರೆಯ ಅಥವಾ ಅರ್ಥಶಾಸ್ತ್ರದ ಮನೆಯಲ್ಲಿ ಅತಿಥಿಯಾಗಿತ್ತು. ಪಾಠದ ವಸ್ತುವಾದರೋ ಬಹುಮಟ್ಟಿಗೆ ಗ್ರೀಕರ ತತ್ತ್ವ, ಇಂಗ್ಲೆಂಡಿನ ಸಂವಿಧಾನ. ಹಿಂದೂದೇಶದವರಿಗೆ ಮೋಕ್ಷಚಿಂತೆಯಿತ್ತೇ ಹೊರತು ರಾಜ್ಯಚಿಂತೆಯಿರಲಿಲ್ಲವೆಂಬ ಮಾತು ಪಾಶ್ಚಾತ್ಯ ವಿದ್ವಾಂಸರಲ್ಲಿ ಕೆಲವರಿಗೆ ಸಿದ್ಧಾಂತವೇ ಆಗಿಹೋಗಿತ್ತು.

ಆ ಮಾತನ್ನು ಕದಲಿಸಿದ್ದು ಮೈಸೂರಿನ ಒಂದು ತಾಳೆಯೋಲೆಯ ಕಟ್ಟು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರು ಸರ್ಕಾರದ ಪ್ರಾಚ್ಯಕೋಶಾಗಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಪ್ರತಿಯೊಂದನ್ನು ತಂದೊಪ್ಪಿಸಿದರು. ಕೋಶಾಗಾರದ ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಹೆಸರು ಮಾತ್ರ ಉಳಿದು ಗ್ರಂಥವೇ ಕಾಣದಿದ್ದ ಕೌಟಿಲ್ಯನ ಅರ್ಥಶಾಸ್ತ್ರವಿದೆಂದು ಗುರುತಿಸಿದರು. ೧೯೦೫ರಿಂದ ಅದರ ಭಾಗಗಳ ಇಂಗ್ಲಿಷ್ ಅನುವಾದ ಪತ್ರಿಕೆಗಳಲ್ಲಿ ಬರತೊಡಗಿತು. ೧೯೦೯ರಲ್ಲಿ ಮೂಲಗ್ರಂಥವೂ ೧೯೧೫ರಲ್ಲಿ ಸಂಪೂರ್ಣಾನುವಾದವೂ ಪ್ರಕಟವಾದವು. ಹದಿನೈದು ಅಧಿಕರಣಗಳ ಆ ಗ್ರಂಥದಲ್ಲಿ ಕಂದಾಯ, ನ್ಯಾಯ, ಗಣಿ, ಅಳತೆ, ಗೂಢಚಾರಿಕೆ, ದೌತ್ಯ, ಯುದ್ಧ ಎಲ್ಲವೂ ಇದ್ದವು. ಇಂಥದೇ ಘಟನೆ ಗ್ರೀಕರ ವಿಷಯದಲ್ಲಿಯೂ ನಡೆದಿತ್ತು. ಅರಿಸ್ಟಾಟಲನೂ ಅವನ ಶಿಷ್ಯರೂ ಸಂಗ್ರಹಿಸಿದರೆಂದು ಪ್ರತೀತಿಯಿರುವ ೧೫೮ ಸಂವಿಧಾನವರ್ಣನೆಗಳಲ್ಲಿ ಅಥೆನ್ಸ್ ನಗರದ್ದು ಮಾತ್ರ ಈಜಿಪ್ಟಿನ ಪ್ಯಾಪಿರಸ್ ಸುರುಳಿಗಳಲ್ಲಿ ಬಹುಮಟ್ಟಿಗೆ ಉಳಿದು ಬಂದು ೧೮೯೧ರಲ್ಲಿ ಪ್ರಕಟವಾಯಿತು. ಎರಡು ನಾಡುಗಳಲ್ಲಿಯೂ ರಾಜ್ಯಶಾಸ್ತ್ರದ ಬಾಗಿಲನ್ನು ಹೊಸದಾಗಿ ತೆರೆದವರು ಹಳೆಯ ಲಿಪಿಯನ್ನು ಓದಬಲ್ಲ ವಿದ್ವಾಂಸರೇ.

ಅದರ ಬೆನ್ನಲ್ಲಿಯೇ ವಿಶ್ವವಿದ್ಯಾನಿಲಯಗಳಿಂದ ಸಂಶೋಧನಗ್ರಂಥಗಳ ಸಾಲು ಹೊರಟಿತು. ಶಾಮಶಾಸ್ತ್ರಿಗಳ ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತ ಪುಸ್ತಕವನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯವು ೧೯೨೦ರಲ್ಲಿ ಪ್ರಕಟಿಸಿತು. ಉಪೇಂದ್ರನಾಥ ಘೋಷಾಲರ ರಾಜ್ಯತತ್ತ್ವಚರಿತ್ರೆ ೧೯೨೩ರಲ್ಲಿ, ಕಾಶೀಪ್ರಸಾದ ಜಾಯಸವಾಲರ 'ಹಿಂದೂ ಪಾಲಿಟಿ' ೧೯೨೪ರಲ್ಲಿ, ಅಲಹಾಬಾದಿನ ಬೇಣೀಪ್ರಸಾದರ ಗ್ರಂಥಗಳು ೧೯೨೭ ಮತ್ತು ೧೯೨೮ರಲ್ಲಿ ಬಂದವು. ೧೯೩೮ರಲ್ಲಿ ಭಾರತೀಯ ರಾಜ್ಯಶಾಸ್ತ್ರಸಂಘ ಸ್ಥಾಪಿತವಾಗಿ ಮರುವರ್ಷ ಅದರ ಪತ್ರಿಕೆ ಆರಂಭವಾಯಿತು.

ಈ ಗ್ರಂಥಗಳಲ್ಲಿ ದೇಶಾಭಿಮಾನದ ಬಿಸಿಯೂ ಇತ್ತು. ಪ್ರಾಚೀನ ಗ್ರಂಥಗಳಲ್ಲಿ ಬರುವ ಪೌರ, ಜಾನಪದ ಎಂಬ ಪದಗಳನ್ನು ಜಾಯಸವಾಲರು ರಾಜನನ್ನು ಅಂಕೆಯಲ್ಲಿಡುತ್ತಿದ್ದ ಪ್ರತಿನಿಧಿಸಭೆಗಳೆಂದು ಅರ್ಥಮಾಡಿದರು. ಪೌರರೆಂದರೆ ಪಟ್ಟಣಿಗರು, ಜಾನಪದರೆಂದರೆ ಹಳ್ಳಿನಾಡಿನವರು ಎಂಬಷ್ಟನ್ನೇ ಆ ಪ್ರಯೋಗಗಳು ಸಮರ್ಥಿಸುತ್ತವೆಯೇ ಹೊರತು ಸಭೆಯ ಅಸ್ತಿತ್ವವನ್ನಲ್ಲವೆಂದು ಅಲ್ತೇಕರರೇ ಮುಂತಾದವರು ಅನಂತರ ಆಕ್ಷೇಪಿಸಿದರು. ಒಂದು ಪದದ ಅರ್ಥನಿರ್ಣಯದ ಮೇಲೆ ಒಂದು ದೇಶದ ಪ್ರಜಾಪ್ರಭುತ್ವದ ಪ್ರಾಚೀನತೆಯೇ ನಿಂತಿತ್ತು. ರಾಜ್ಯಶಾಸ್ತ್ರದಲ್ಲಿ ಶಬ್ದಾರ್ಥವಿಚಾರವು ಎಷ್ಟು ಭಾರವನ್ನು ಹೊರಬೇಕಾಗುತ್ತದೆಂಬುದಕ್ಕೆ ಇದು ಸಾಕ್ಷಿ.

೪

ಇಂದಿನ ವಿಶ್ವವಿದ್ಯಾನಿಲಯಗಳಲ್ಲಿ ಈ ಶಾಸ್ತ್ರದ ಪಾಠಗಳು ವಿವರಗಳಲ್ಲಿ ಭಿನ್ನವಾಗಿದ್ದರೂ ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಗೊಳ್ಳುತ್ತವೆ. ಮೊದಲನೆಯದು ತತ್ತ್ವ: ಪ್ಲೇಟೋ, ಅರಿಸ್ಟಾಟಲರಿಂದ ಮಾರ್ಕ್ಸ್‌ನ ವರೆಗಿನ ಪಾಶ್ಚಾತ್ಯ ಚಿಂತನೆ; ಕೌಟಿಲ್ಯನಿಂದ ಗಾಂಧೀಜಿ, ಅಂಬೇಡ್ಕರರ ವರೆಗಿನ ಭಾರತೀಯ ಚಿಂತನೆ; ಸ್ವಾತಂತ್ರ್ಯ, ಸಮಾನತೆ, ನ್ಯಾಯ, ಹಕ್ಕು ಎಂಬ ಮೂಲಭಾವನೆಗಳ ವಿಚಾರ. ಎರಡನೆಯದು ಸಂಸ್ಥೆ: ಭಾರತದ ಸಂವಿಧಾನ, ಬೇರೆ ಬೇರೆ ದೇಶಗಳ ಆಡಳಿತಪದ್ಧತಿಗಳ ತುಲನೆ, ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ಸಂಬಂಧ. ಮೂರನೆಯದು ನಡೆವಳಿಕೆ: ಚುನಾವಣೆ, ಪಕ್ಷ, ಜಾತಿ, ಚಳವಳಿ, ಸ್ಥಳೀಯಾಡಳಿತ, ಇವುಗಳನ್ನು ಅಳೆದು ನೋಡುವ ಸಂಶೋಧನವಿಧಾನ.

ಹೇಗಿರಬೇಕು, ಹೇಗೆ ಕಟ್ಟಲ್ಪಟ್ಟಿದೆ, ಹೇಗೆ ನಡೆಯುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಈ ಮೂರು ಗುಂಪುಗಳು ಉತ್ತರಗಳು. ಒಂದನ್ನು ಬಿಟ್ಟು ಒಂದನ್ನು ಓದಿದರೆ ಶಾಸ್ತ್ರವು ಊನವಾಗುತ್ತದೆ. ತತ್ತ್ವವನ್ನು ಮಾತ್ರ ಓದಿದವನಿಗೆ ಗ್ರಾಮಸಭೆಯಲ್ಲಿ ಕೆಲವರು ಏಕೆ ಬಾಯಿ ತೆರೆಯುವುದಿಲ್ಲವೆಂಬುದು ತಿಳಿಯದು. ಸಂವಿಧಾನದ ವಿಧಿಗಳನ್ನು ಮಾತ್ರ ಕಂಠಪಾಠ ಮಾಡಿದವನಿಗೆ ಅವುಗಳ ಉದ್ದೇಶವೇನೆಂಬುದು ತಿಳಿಯದು. ಮತಗಳನ್ನು ಎಣಿಸುವುದನ್ನು ಮಾತ್ರ ಕಲಿತವನಿಗೆ ಯಾವುದು ಎಣಿಸತಕ್ಕದ್ದೆಂಬುದೇ ತಿಳಿಯದು. ಪರೀಕ್ಷೆಯ ಅನುಕೂಲಕ್ಕಾಗಿ ಪತ್ರಿಕೆಗಳನ್ನು ಬೇರೆಬೇರೆಯಾಗಿ ಹಂಚಿದಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಇವು ಒಂದಾಗದೆ ಉಳಿಯುವ ಅಪಾಯವಿದ್ದೇ ಇದೆ.

೫

ಅಧ್ಯಾಪಕರ ಸಂಶೋಧನೆಯೂ ಈ ಮೂರು ದಾರಿಗಳಲ್ಲಿ ಸಾಗುತ್ತದೆ. ಗ್ರಂಥಸಂಶೋಧನೆಯು ಇಂದಿಗೂ ಮುಗಿದಿಲ್ಲ. ಆರ್. ಪಿ. ಕಾಂಗಲೆಯವರು ಅರ್ಥಶಾಸ್ತ್ರದ ಪರಿಷ್ಕೃತ ಪಾಠವನ್ನೂ ಅನುವಾದವನ್ನೂ ಅಧ್ಯಯನವನ್ನೂ ೧೯೬೦ರಿಂದ ೧೯೬೫ರ ವರೆಗೆ ಮೂರು ಸಂಪುಟಗಳಲ್ಲಿ ಹೊರತಂದರು. ಥಾಮಸ್ ಟ್ರೌಟ್‌ಮನ್ ಎಂಬ ಅಮೆರಿಕದ ವಿದ್ವಾಂಸರು ೧೯೭೧ರ ತಮ್ಮ ಗ್ರಂಥದಲ್ಲಿ ಚ, ವಾ, ಏವ ಮುಂತಾದ ಅಲ್ಪಪದಗಳು ಬೇರೆ ಬೇರೆ ಅಧಿಕರಣಗಳಲ್ಲಿ ಎಷ್ಟು ಸಲ ಬರುತ್ತವೆಂದು ಎಣಿಸಿ, ಇಡೀ ಗ್ರಂಥವು ಒಬ್ಬನ ಕೈಯಿಂದ ಬಂದದ್ದಲ್ಲವೆಂದು ವಾದಿಸಿದರು. ಚಂದ್ರಗುಪ್ತಮೌರ್ಯನ ಮಂತ್ರಿಯ ಕೃತಿಯೆಂದು ಬಹುಕಾಲ ನಂಬಲಾಗಿದ್ದ ಈ ಗ್ರಂಥವನ್ನು ೨೦೧೩ರಲ್ಲಿ ಹೊಸದಾಗಿ ಅನುವಾದಿಸಿದ ಪ್ಯಾಟ್ರಿಕ್ ಓಲಿವೆಲ್ ಅವರು ಕ್ರಿಸ್ತಶಕದ ಆರಂಭದ ಆಸುಪಾಸಿನ ಶತಮಾನಗಳಿಗೆ ಇಳಿಸುತ್ತಾರೆ. ಅವ್ಯಯಗಳ ಎಣಿಕೆಯು ಮೌರ್ಯಸಾಮ್ರಾಜ್ಯದ ಆಡಳಿತಚಿತ್ರವನ್ನೇ ಮರುಪರಿಶೀಲನೆಗೆ ಒಡ್ಡಬಲ್ಲದೆಂದರೆ ವೈಯಾಕರಣರಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕಿಲ್ಲ.

ಸಂಸ್ಥೆಗಳ ಸಂಶೋಧನೆಗೆ ಮೈಸೂರು ಸಂಸ್ಥಾನವು ಸಮೃದ್ಧವಾದ ಕ್ಷೇತ್ರ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರಲ್ಲಿ, ಆರಂಭವಾದ ಪ್ರಜಾಪ್ರತಿನಿಧಿಸಭೆ, ೧೯೦೭ರ ನ್ಯಾಯವಿಧಾಯಕಸಭೆ, ೧೯೧೭ರ ಪ್ರಜಾಮಿತ್ರಮಂಡಳಿ ಇವುಗಳ ಮೂಲಕ ದೇಶೀಯ ಸಂಸ್ಥಾನವೊಂದರಲ್ಲಿ ರಾಜಕೀಯವು ಹೇಗೆ ಬೆಳೆಯಿತೆಂಬುದನ್ನು ಅರಿಯಬಹುದು. ಜೇಮ್ಸ್ ಮೇನರ್ ಅವರು ೧೯೧೭ರಿಂದ ೧೯೫೫ರ ವರೆಗಿನ ಮೈಸೂರಿನ ರಾಜಕೀಯ ಪರಿವರ್ತನೆಯನ್ನು ಕುರಿತು ೧೯೭೭ರಲ್ಲಿ ಪ್ರಕಟಿಸಿದ ಗ್ರಂಥವು ಈ ದಾರಿಯಲ್ಲಿ ಮುಖ್ಯವಾದದ್ದು.

ನಡೆವಳಿಕೆಯ ಸಂಶೋಧನೆಯು ಸ್ವಾತಂತ್ರ್ಯಾನಂತರ ಪ್ರಬಲವಾಯಿತು. ೧೯೬೩ರಲ್ಲಿ ದೆಹಲಿಯಲ್ಲಿ ರಜನಿ ಕೊಠಾರಿಯವರು ಸ್ಥಾಪಿಸಿದ ಸಂಶೋಧನಕೇಂದ್ರವು ೧೯೬೭ರ ಮಹಾಚುನಾವಣೆಯಲ್ಲಿ ಮತದಾರರ ಅಭಿಪ್ರಾಯವನ್ನು ದೇಶವ್ಯಾಪಿಯಾಗಿ ಸಂಗ್ರಹಿಸಿತು. ಆದರೆ ಈ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಗೆ ಬಂದ ಎರಡು ಪರಿಕಲ್ಪನೆಗಳು ಹುಟ್ಟಿದ್ದು ರಾಜ್ಯಶಾಸ್ತ್ರಜ್ಞರ ಕೈಯಲ್ಲಲ್ಲ, ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಕೈಯಲ್ಲಿ. ೧೯೪೮ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲಸಿ, ಅದಕ್ಕೆ ರಾಂಪುರವೆಂಬ ಕಲ್ಪಿತ ಹೆಸರಿಟ್ಟು ಬರೆದರು. 'ಪ್ರಬಲ ಜಾತಿ' ಎಂಬ ಭಾವನೆಯನ್ನು ಅಲ್ಲಿಯ ಅನುಭವದ ಬಲದಿಂದ ಅವರು ಬೆಳಸಿದರು. 'ವೋಟ್ ಬ್ಯಾಂಕ್' ಎಂಬ ಮಾತೂ ಅವರ ೧೯೫೫ರ ಪ್ರಬಂಧದಿಂದ ಬಂದದ್ದು. ಇಂದು ದೇಶದ ಪ್ರತಿಯೊಂದು ವೃತ್ತಪತ್ರಿಕೆಯಲ್ಲಿಯೂ ಓಡಾಡುವ ಈ ಮಾತಿನ ಹಿಂದೆ ಕನ್ನಡದ ಹಳ್ಳಿಯೊಂದರ ಜಗಲಿಯ ಮಾತುಕತೆಯಿದೆ. ಆ ಮಾತುಕತೆ ನಡೆದದ್ದು ಕನ್ನಡದಲ್ಲಿ, ಶಾಸ್ತ್ರವಾದದ್ದು ಇಂಗ್ಲಿಷಿನಲ್ಲಿ, ಮರಳಿ ಕನ್ನಡಕ್ಕೆ ಬಂದದ್ದು ಇಂಗ್ಲಿಷ್ ಪದವಾಗಿಯೇ.

೬

ಇಲ್ಲಿಗೆ ಭಾಷೆಯ ಪ್ರಶ್ನೆ ಬರುತ್ತದೆ. ಕನ್ನಡದಲ್ಲಿ ರಾಜ್ಯಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಪದಗಳ ಕೊರತೆಯಿಲ್ಲ. ಅವನ ತೊಡಕು ಪದಗಳು ಹೊತ್ತಿರುವ ಹಳೆಯ ಹೊರೆಗಳಿಂದ ಬರುತ್ತದೆ. ಶಾಸ್ತ್ರದ ಹೆಸರಿನಿಂದಲೇ ಆರಂಭಿಸಬಹುದು. 'ಅರ್ಥಶಾಸ್ತ್ರ'ವೆಂಬುದು ಇಂದು ಹಣಕಾಸು, ಉತ್ಪಾದನೆಗಳ ಶಾಸ್ತ್ರದ ಹೆಸರಾಗಿರುವುದರಿಂದ, ಕೌಟಿಲ್ಯನ ಗ್ರಂಥವನ್ನು ವಿದ್ಯಾರ್ಥಿಯು ಮೊದಲು ತಪ್ಪು ಕಪಾಟಿನಲ್ಲಿ ಹುಡುಕುತ್ತಾನೆ.

ಕೌಟಿಲ್ಯನು ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳನ್ನು ಹೇಳಿದನು. ಇದೇ ಪಟ್ಟಿ ಮನುಸ್ಮೃತಿಯಲ್ಲಿ ಬರುವಾಗ ಜನಪದದ ಸ್ಥಾನದಲ್ಲಿ 'ರಾಷ್ಟ್ರ'ವೆಂಬ ಪದವಿದೆ. ಎಂದರೆ ಅಂದು ರಾಷ್ಟ್ರವು ರಾಜ್ಯದ ಒಂದು ಅಂಗ, ಅದರ ನೆಲ ಮತ್ತು ಜನ. ಇಂದು ರಾಷ್ಟ್ರವು ಒಂದೇ ಜನಾಂಗಭಾವನೆಯಿಂದ ಕೂಡಿದ ಸಮುದಾಯ. ರಾಜ್ಯವೇ ಅದರ ಅಂಗವೆಂಬಂತೆ ಕ್ರಮವು ತಿರುಗಿಹೋಗಿದೆ. ಇನ್ನು ೧೯೫೦ರಲ್ಲಿ ಸಂವಿಧಾನವು ಜಾರಿಗೆ ಬಂದು, ಒಕ್ಕೂಟದ ಘಟಕಗಳಿಗೂ ರಾಜ್ಯಗಳೆಂಬ ಹೆಸರು ನಿಂತಿತು. ಆದುದರಿಂದ ಕನ್ನಡದಲ್ಲಿ 'ರಾಜ್ಯದ ಅಧಿಕಾರ' ಎಂದರೆ ಬೆಂಗಳೂರಿನ ಸರ್ಕಾರದ ಅಧಿಕಾರವೋ, ಶಾಸ್ತ್ರವು ವಿಚಾರಿಸುವ ಸಮಗ್ರ ಪ್ರಭುತ್ವದ ಅಧಿಕಾರವೋ ಎಂಬುದನ್ನು ಸಂದರ್ಭವೇ ಹೇಳಬೇಕು. ಮೂಲಭೂತ ಹಕ್ಕುಗಳ ಭಾಗಕ್ಕಾಗಿ ಸಂವಿಧಾನದ ಹನ್ನೆರಡನೆಯ ವಿಧಿಯು ಈ ಪದಕ್ಕೆ ಕೇಂದ್ರ, ಘಟಕರಾಜ್ಯ, ಸ್ಥಳೀಯ ಪ್ರಾಧಿಕಾರಗಳೆಲ್ಲವನ್ನೂ ಒಳಗೊಂಡ ವಿಶೇಷಾರ್ಥವನ್ನು ಕೊಟ್ಟಿರುವುದರಿಂದ ಅರ್ಥಗಳು ಮೂರಾಗುತ್ತವೆ. ಈ ಭೇದವನ್ನು ಬಿಡಿಸಿ ಹೇಳದೆ ಮುಂದುವರಿಯುವ ಪಾಠದಲ್ಲಿ ವಿದ್ಯಾರ್ಥಿಯು ವಾಕ್ಯವನ್ನು ಕಲಿಯುತ್ತಾನೆ, ವಿಷಯವನ್ನಲ್ಲ.

'ದಂಡ'ವು ಕೌಟಿಲ್ಯನ ಏಳು ಅಂಗಗಳಲ್ಲಿ ಸೈನ್ಯ. ದಂಡನೀತಿಯಲ್ಲಿ ಶಿಕ್ಷಿಸುವ ಅಧಿಕಾರ. ಇಂದಿನ ಕನ್ನಡದಲ್ಲಿ ಕಟ್ಟಬೇಕಾದ ಜುಲ್ಮಾನೆ. ಆದರೂ ಸೈನ್ಯವೆಂಬ ಅರ್ಥವು ಕನ್ನಡದಲ್ಲಿ 'ದಂಡು' ಎಂಬ ರೂಪದಲ್ಲಿ ಜೀವಂತವಾಗಿಯೇ ಇದೆ. ಬೆಂಗಳೂರಿನ ದಂಡುಪ್ರದೇಶವನ್ನು ಬಲ್ಲವನಿಗೆ ಆ ಅಂಗದ ಅರ್ಥವನ್ನು ತಿಳಿಸುವುದು ಕಷ್ಟವಲ್ಲ. 'ಸಾರ್ವಭೌಮ'ನೆಂದರೆ ಹಿಂದೆ ಸಮಸ್ತ ಭೂಮಿಗೆ ಒಡೆಯನಾದವನು. ಆ ಪದದಲ್ಲಿ ಇರುವುದು ವಿಸ್ತಾರದ ಭಾವನೆ. ಫ್ರಾನ್ಸಿನ ಬೋದಾನನು ೧೫೭೬ರ ತನ್ನ ಗ್ರಂಥದಲ್ಲಿ ನಿರೂಪಿಸಿದ ತತ್ತ್ವವಾದರೋ, ಎಷ್ಟೇ ಚಿಕ್ಕ ನಾಡಾದರೂ ಅದರೊಳಗೆ ತನಗಿಂತ ಮೇಲಿನ ಅಧಿಕಾರವಿಲ್ಲದಿರುವುದು. ಅದು ಎತ್ತರದ ಭಾವನೆ. 'ಸಾರ್ವಭೌಮತ್ವ'ವೆಂಬ ಅನುವಾದವನ್ನು ಒಪ್ಪಿಕೊಂಡ ಮೇಲೆ ಈ ವ್ಯತ್ಯಾಸವನ್ನು ಹೇಳಿಕೊಡುವುದು ಅಧ್ಯಾಪಕನ ಹೊಣೆ.

ಹಿಂದೀ ಭಾಷೆಯಲ್ಲಿ 'ಅಧಿಕಾರ'ವೆಂದರೆ ಹಕ್ಕು ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ಆಳುವವನ ಕೈಯ ಬಲ. ಹಿಂದಿಯ ಮೌಲಿಕ ಅಧಿಕಾರವೇ ಕನ್ನಡದ ಮೂಲಭೂತ ಹಕ್ಕು. ಅರಬ್ಬಿಯಿಂದ ಬಂದ 'ಹಕ್ಕು' ಕನ್ನಡಿಗನಿಗೆ ಜಮೀನಿನ ದಸ್ತಾವೇಜುಗಳಿಂದ ಪರಿಚಿತವಾದ ಪದ. ತನ್ನದೆಂದು ಗಟ್ಟಿಯಾಗಿ ಕೇಳಬಹುದಾದದ್ದು ಎಂಬ ಧ್ವನಿ ಅದರಲ್ಲಿದೆ. ಇಲ್ಲಿ ಅನುವಾದವು ಶಾಸ್ತ್ರಕ್ಕೆ ನಷ್ಟವನ್ನಲ್ಲ, ಲಾಭವನ್ನೇ ತಂದಿದೆ.

೭

ಪದಗಳ ಈ ಪರಿಶೋಧನೆಗೆ ಕನ್ನಡಸಾಹಿತ್ಯದಲ್ಲಿಯೂ ಶಾಸನಗಳಲ್ಲಿಯೂ ಸಾಮಗ್ರಿ ಹೇರಳವಾಗಿದೆ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದನು. ಅವನ ಅಧಿಕಾರದ ಹೆಸರೇ ಅರ್ಥಶಾಸ್ತ್ರವು ಹೇಳುವ ಆರು ಗುಣಗಳಲ್ಲಿ ಮೊದಲ ಎರಡು. ನೀತಿವಾಕ್ಯಾಮೃತವನ್ನು ಬರೆದ ಸೋಮದೇವಸೂರಿಯು ತನ್ನ ಯಶಸ್ತಿಲಕವನ್ನು ೯೫೯ರಲ್ಲಿ ಮುಗಿಸಿದ್ದು ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶದವರ ನಾಡಿನಲ್ಲಿಯೇ. ಮಹಾಜನ, ನಾಡು, ನಗರ ಎಂಬ ಸಮೂಹಗಳು ದತ್ತಿಗಳನ್ನು ನಡೆಸಿದ, ನಿಬಂಧನೆಗಳನ್ನು ಮಾಡಿದ ವಿಷಯ ಕನ್ನಡ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಜಾಯಸವಾಲರ ಪೌರಜಾನಪದಗಳಿಗೆ ಒದಗಿದ ಗತಿಯನ್ನು ನೆನೆದು, ಇವುಗಳಲ್ಲಿ ಇರುವುದಕ್ಕಿಂತ ಹೆಚ್ಚನ್ನು ಓದದೆ, ಇರುವುದನ್ನು ಬಿಡದೆ ಪರಿಶೀಲಿಸುವ ಕೆಲಸವು ಸಾಹಿತ್ಯಜ್ಞರೂ ರಾಜ್ಯಶಾಸ್ತ್ರಜ್ಞರೂ ಕೂಡಿ ಮಾಡತಕ್ಕದ್ದಾಗಿದೆ.

ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಗದ್ಯವನ್ನು ಹದಮಾಡಿಕೊಟ್ಟವರಲ್ಲಿ ಡಿ. ವಿ. ಗುಂಡಪ್ಪನವರು ಅಗ್ರಗಣ್ಯರು. ಅವರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿರಲಿಲ್ಲ. ಪತ್ರಕರ್ತರಾಗಿ, ಪುರಸಭೆ ಮತ್ತು ಶಾಸನಸಭೆಗಳ ಕೆಲಸವನ್ನು ಒಳಗಿನಿಂದ ಕಂಡವರಾಗಿ, ಕಾವ್ಯಮೀಮಾಂಸೆಯನ್ನೂ ವೇದಾಂತವನ್ನೂ ಬಲ್ಲವರಾಗಿ 'ರಾಜ್ಯಶಾಸ್ತ್ರ'ವೆಂಬ ಗ್ರಂಥವನ್ನು ಬರೆದರು. ಹೇಳಬಲ್ಲವನೂ ನಡೆಸಿ ಬಲ್ಲವನೂ ಒಬ್ಬನೇ ಆಗುವುದು ಅಪೂರ್ವ. ಆದುದರಿಂದಲೇ ವಿಶ್ವವಿದ್ಯಾನಿಲಯವು ಅನೇಕರನ್ನು ಒಂದೆಡೆ ಕೂಡಿಸಬೇಕಾಗಿದೆ.

ವೈದ್ಯಶಾಸ್ತ್ರವನ್ನೋ ಯಂತ್ರಶಾಸ್ತ್ರವನ್ನೋ ಕೆಲವರು ಕಲಿತು ಎಲ್ಲರಿಗಾಗಿ ಬಳಸಬಹುದು. ರಾಜ್ಯಶಾಸ್ತ್ರದ ಸ್ಥಿತಿ ಹಾಗಲ್ಲ. ಪ್ರಾಪ್ತವಯಸ್ಕರೆಲ್ಲರಿಗೂ ಮತವನ್ನು ಕೊಟ್ಟ ದೇಶದಲ್ಲಿ ಅದರ ಪ್ರಯೋಗವನ್ನು ಪ್ರತಿಯೊಬ್ಬನೂ ಮಾಡಬೇಕಾಗಿದೆ. ಹಳ್ಳಿಯಲ್ಲಿ ಕನ್ನಡದಲ್ಲಿ ನಡೆಯುವ ರಾಜಕೀಯವು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷಿನ ಶಾಸ್ತ್ರವಾಗಿ ಅಲ್ಲಿಯೇ ನಿಂತುಬಿಟ್ಟರೆ, ಯಾರ ಬಾಳನ್ನು ಕುರಿತು ಅದು ಬರೆಯಲ್ಪಟ್ಟಿತೋ ಅವರಿಗೆ ಅದನ್ನು ಒಪ್ಪುವ, ಅಲ್ಲಗಳೆಯುವ ಅವಕಾಶವೇ ಇರುವುದಿಲ್ಲ. ಅದನ್ನು ಮರಳಿ ಕನ್ನಡಕ್ಕೆ ತರುವ ಕೆಲಸದಲ್ಲಿ ರಾಜ್ಯ, ರಾಷ್ಟ್ರ, ಹಕ್ಕು, ಅಧಿಕಾರ ಎಂಬ ಪದಗಳ ಒಂದೊಂದು ಪ್ರಯೋಗವನ್ನೂ ತೂಗಿ ನೋಡುವ ಅಧ್ಯಾಪಕನು, ಅವನು ಯಾವ ವಿಭಾಗದವನೇ ಆಗಿರಲಿ, ರಾಜ್ಯಶಾಸ್ತ್ರದ ಅಧ್ಯಾಪಕನೇ ಸರಿ.